ಲಾರಿಯ ಡೀಸೆಲ್ ಎಲ್ಲಿಂದ ಸೋರುತ್ತಿದೆ? ಅಂಕೋಲೆಯ ಗ್ಯಾರೇಜಿನಿಂದ ಒಂದು ಕೈಪಿಡಿ

ಪ್ರತಿ ವರ್ಷ ಆಗಸ್ಟ್ ಮೊದಲ ವಾರ ನಮ್ಮ ಗ್ಯಾರೇಜಿನ ಮುಂದೆ ಮೀನಿನ ಲಾರಿಗಳ ಸಾಲು ನಿಲ್ಲುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ದೋಣಿ ದಡ ಸೇರಿತೆಂದರೆ ಲಾರಿಗೂ ಕೆಲಸವಿಲ್ಲ. ಎರಡು ತಿಂಗಳು ಉಪ್ಪುಗಾಳಿ ಕುಡಿದು, ಮಳೆಯಲ್ಲಿ ನೆನೆದು ನಿಂತ ಗಾಡಿಯನ್ನು ಒಂದು ದಿನ ಎಬ್ಬಿಸಿ, ಕಾರವಾರದ ಬೈತಖೋಲದಲ್ಲಿ ಬಂಗಡೆ ತುಂಬಿಸಿ, ರಾತ್ರೋರಾತ್ರಿ ಅರಬೈಲ್ ಘಟ್ಟ ಹತ್ತಿಸಿ ಹುಬ್ಬಳ್ಳಿಗೆ ಓಡಿಸಿದರೆ ಎಲ್ಲಾದರೂ ಒಂದು ಕಡೆ ಡೀಸೆಲ್ ಹನಿಯಲೇಬೇಕು. ನಿಂತಲ್ಲೇ ಒಣಗಿ ಗಟ್ಟಿಯಾದ ರಬ್ಬರ್ ರಿಂಗು, ಕ್ಲಿಪ್ಪಿನ ಅಡಿಯಲ್ಲಿ ತುಕ್ಕು ತಿಂದ ಪೈಪು, ಇವೆರಡೇ ಆ ವಾರದ ಅರ್ಧ ಕೆಲಸ.

ಸೋರಿಕೆ ನಿಲ್ಲಿಸುವುದು ದೊಡ್ಡ ವಿದ್ಯೆಯಲ್ಲ, ಬಹಳ ಸಲ ಹತ್ತು ರೂಪಾಯಿ ವಾಷರಿನಲ್ಲಿ ಮುಗಿಯುತ್ತದೆ. ಎಲ್ಲಿ ಸೋರುತ್ತಿದೆ ಎಂದು ಹುಡುಕುವುದೇ ಕಷ್ಟ. ಅದಕ್ಕೆ ನಾನೇ ಮಾಡಿಕೊಂಡ ಒಂದು ಎಡವಟ್ಟಿನಿಂದ ಶುರು ಮಾಡುತ್ತೇನೆ.

ಕೆಲವು ವರ್ಷದ ಹಿಂದೆ ಹಳೆಯ ಆರು ಸಿಲಿಂಡರಿನ ಲಾರಿಯೊಂದು ಬಂತು. ಡ್ರೈವರ್ ಇಳಿಯುತ್ತಲೇ ಹೇಳಿದ: "ಮೇಸ್ತ್ರಿ, ಪಂಪಿನ ಬುಡದಲ್ಲಿ ಹನಿ ಬೀಳ್ತೇ ಅದೆ. ಮೊನ್ನೆ ಟೈಟ್ ಮಾಡ್ಸಿದ್ದೆ, ಮತ್ತೆ ಅದೇ ಕಥೆ." ಬಗ್ಗಿ ನೋಡಿದೆ. ಪಂಪಿನ ಮೈಯೆಲ್ಲ ಒದ್ದೆ. ಪಾನಾ ತೆಗೆದುಕೊಂಡು ನಾನೂ ಬಿಗಿ ಮಾಡಿದೆ. ಒಂದು ನಟ್ಟಿನ ಥ್ರೆಡ್ ಹೋಯಿತು. ಪಂಪ್ ಬಿಚ್ಚಿ ಹುಬ್ಬಳ್ಳಿಗೆ ಕಳಿಸಿ, ಸೀಲೆಲ್ಲ ಹೊಸದು ಹಾಕಿಸಿ, ಕ್ಯಾಲಿಬ್ರೇಶನ್ ಮಾಡಿಸಿ ತಂದು ಕೂರಿಸಿದೆ. ಮಾರನೇ ದಿನ ಅದೇ ಜಾಗದಲ್ಲಿ ಅದೇ ಹನಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗಿತ್ತು. ಕೊನೆಗೆ ಸಿಕ್ಕಿದ್ದು ಎಲ್ಲಿ ಎನ್ನುವುದನ್ನು ಮುಂದೆ ಹೇಳುತ್ತೇನೆ. ಅಂದಿನಿಂದ ಒದ್ದೆ ಕಂಡ ಕೂಡಲೇ ಪಾನಾ ಹಿಡಿಯುವುದನ್ನು ಬಿಟ್ಟಿದ್ದೇನೆ.

ಕೈಗೆ, ಬೆಂಕಿಗೆ ಎರಡು ಮಾತು

ಸೋರುವ ಪೈಪಿನ ಮೇಲೆ ಬೆರಳಾಡಿಸಿ ನೋಡುವ ಚಟ ನಮ್ಮಲ್ಲಿ ಎಲ್ಲರಿಗೂ ಇದೆ. ಪಂಪಿನಿಂದ ನಾಝಲಿಗೆ, ಅಂದರೆ ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಮೂತಿಗೆ, ಹೋಗುವ ಉಕ್ಕಿನ ಪೈಪಿಗೆ ಮಾತ್ರ ಇಂಜಿನ್ ಓಡುತ್ತಿರುವಾಗ ಕೈ ತಾಗಿಸಲೇಬೇಡಿ. ಹಳೆ ಮೆಕ್ಯಾನಿಕಲ್ ಪಂಪಿನ ಗಾಡಿಯಲ್ಲೇ ನಾಝಲ್ ತೆರೆಯುವುದು 200 ಬಾರ್ ಆಸುಪಾಸಿನ ಒತ್ತಡಕ್ಕೆ. ಲಾರಿ ಟಯರಿಗೆ ನಾವು ತುಂಬುವ ಗಾಳಿ ಸುಮಾರು 8 ಬಾರ್ ಎಂದರೆ ಅಂದಾಜು ಸಿಕ್ಕೀತು. ಕೂದಲೆಳೆಯಷ್ಟು ಬಿರುಕಿನಿಂದ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮೊದಲು ಸೂಜಿ ಚುಚ್ಚಿದಷ್ಟೇ ಗಾಯ, ನೋವೂ ಇರುವುದಿಲ್ಲ. ಕೆಲವು ಗಂಟೆಗಳಲ್ಲಿ ಬೆರಳು ಊದಿ ಕಪ್ಪಾಗುತ್ತದೆ, ಬೆರಳನ್ನೇ ಕತ್ತರಿಸಬೇಕಾಗಿ ಬರಬಹುದು. ಹಾಗೇನಾದರೂ ಆದರೆ ಅರಿಶಿನ ಹಚ್ಚಿ ಕೂರದೆ ಆಗಲೇ ಆಸ್ಪತ್ರೆಗೆ ಹೋಗಿ, ಡೀಸೆಲ್ ಒತ್ತಡದಿಂದ ಒಳಗೆ ಹೋಗಿದೆ ಎಂದು ಬಿಡಿಸಿ ಹೇಳಿ. ಪೈಪು ಪರೀಕ್ಷಿಸಲು ರಟ್ಟಿನ ತುಂಡು ಸಾಕು. ಉದ್ದ ಕೋಲಿಗೆ ಸಿಕ್ಕಿಸಿ ಪೈಪಿನ ಪಕ್ಕ ಹಿಡಿದರೆ ಬಿರುಕಿದ್ದಲ್ಲಿ ರಟ್ಟಿನ ಮೇಲೆ ಒದ್ದೆ ಗೆರೆ ಮೂಡುತ್ತದೆ.

ಡೀಸೆಲ್ ಪೆಟ್ರೋಲಿನಂತೆ ಭುಗ್ಗೆನ್ನುವುದಿಲ್ಲ ಎಂಬ ಧೈರ್ಯವೂ ಅರ್ಧ ಸತ್ಯ. ಘಟ್ಟ ಹತ್ತಿ ಬಂದ ಗಾಡಿಯ ಸೈಲೆನ್ಸರ್ ಮ್ಯಾನಿಫೋಲ್ಡ್, ಟರ್ಬೊ ಎಷ್ಟು ಕಾದಿರುತ್ತವೆ ಎಂದರೆ ಅದರ ಮೇಲೆ ಮಂಜಿನಂತೆ ಬಿದ್ದ ಡೀಸೆಲ್ಲಿಗೆ ಕಿಡಿಯೂ ಬೇಡ. ಸೋರಿಕೆ ಆ ಬದಿಗಿದ್ದರೆ ಗಾಡಿಯನ್ನು ಓಡಿಸಿ ತರಬೇಡಿ, ಕಟ್ಟಿಕೊಂಡು ಬನ್ನಿ.

ಯಾವಾಗ ಹನಿಯುತ್ತದೆ?

ಡ್ರೈವರನಿಗೆ ನಾನು ಕೇಳುವ ಮೊದಲ ಪ್ರಶ್ನೆ ಎಲ್ಲಿ ಎಂದಲ್ಲ, ಯಾವಾಗ ಎಂದು. ರಾತ್ರಿ ನಿಲ್ಲಿಸಿದಾಗಲೋ, ಓಡುವಾಗಲೋ, ಲೋಡ್ ಇದ್ದಾಗ ಮಾತ್ರವೋ, ಘಟ್ಟದಲ್ಲಿ ಮಾತ್ರವೋ?

ಇದರ ಹಿಂದಿನ ಲೆಕ್ಕ ಸರಳ. ಡೀಸೆಲ್ ಹರಿಯುವ ದಾರಿಯಲ್ಲಿ ನಾಲ್ಕು ತುಂಡು. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಎಳೆಯುವ ಭಾಗ. ಫೀಡ್ ಪಂಪಿನಿಂದ ಫಿಲ್ಟರ್ ದಾಟಿ ದೊಡ್ಡ ಪಂಪಿನವರೆಗೆ ಸಣ್ಣ ಒತ್ತಡದ ಭಾಗ, ಒಂದೆರಡು ಬಾರ್ ಅಷ್ಟೇ. ದೊಡ್ಡ ಪಂಪಿನಿಂದ ನಾಝಲಿಗೆ ಭಾರಿ ಒತ್ತಡ. ನಾಝಲಿನಲ್ಲಿ ಮಿಕ್ಕಿದ್ದು ಮತ್ತು ಪಂಪಿನಲ್ಲಿ ಹೆಚ್ಚಾದದ್ದು ಟ್ಯಾಂಕಿಗೆ ಮರಳುವ ರಿಟರ್ನ್ ಲೈನು ನಾಲ್ಕನೆಯದು.

ಇಂಜಿನ್ ಓಡುವಾಗ ಮಾತ್ರ ಹನಿ, ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ನಿಂತಿತು ಎಂದರೆ ಎರಡನೇ, ಮೂರನೇ ಅಥವಾ ರಿಟರ್ನ್ ಭಾಗ. ಐಡಲಿನಲ್ಲಿ ಒಣ, ಲೋಡ್ ಬಿದ್ದಾಗ ಒದ್ದೆ ಎಂದರೆ ನಾಝಲ್ ಪೈಪಿನಲ್ಲಿ ಬಿರುಕಿರುವ ಸಂಶಯ ಹೆಚ್ಚು. ನಿಂತ ಗಾಡಿಯ ಟ್ಯಾಂಕಿನ ಕೆಳಗೇ ಹನಿ ಎಂದರೆ ಇಂಜಿನ್ ಮುಟ್ಟುವ ಕೆಲಸವೇ ಇಲ್ಲ. ಎಲ್ಲಿಯೂ ಹನಿಯೇ ಇಲ್ಲ, ಆದರೆ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ, ಕೈಯಿಂದ ಡೀಸೆಲ್ ಎಳೆಯುವ ಹ್ಯಾಂಡ್ ಪಂಪ್ ಹೊಡೆದರೆ ಮಾತ್ರ ಎದ್ದೇಳುತ್ತದೆ ಎಂದರೆ ಅದೂ ಸೋರಿಕೆಯೇ. ಅಲ್ಲಿ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ.

ಘಟ್ಟದಲ್ಲಿ ಮಾತ್ರ ಸೋರುತ್ತದೆ ಎನ್ನುವವರಿಗೆ ಒಂದು ಮರುಪ್ರಶ್ನೆ: ಟ್ಯಾಂಕ್ ಎಲ್ಲಿ ತುಂಬಿಸಿದಿರಿ? ಶಿರಸಿಯಲ್ಲಿ ಬೆಳಿಗ್ಗೆ ತಂಪಿನಲ್ಲಿ ಮುಚ್ಚಳದವರೆಗೆ ತುಂಬಿಸಿ, ದೇವಿಮನೆ ಘಟ್ಟ ಇಳಿದು ಮಧ್ಯಾಹ್ನ ಕುಮಟೆಯ ಬಿಸಿಲಿಗೆ ಬಂದರೆ ಡೀಸೆಲ್ ಹಿಗ್ಗುತ್ತದೆ. 1000 ಲೀಟರಿಗೆ ಒಂದು ಡಿಗ್ರಿಗೆ ಸುಮಾರು 0.8 ಲೀಟರಿನ ಲೆಕ್ಕ. 200 ಲೀಟರ್ ಟ್ಯಾಂಕು 15 ಡಿಗ್ರಿ ಬಿಸಿಯಾದರೆ ಎರಡು ಲೀಟರಿಗೂ ಮಿಕ್ಕಿ ಹೆಚ್ಚುತ್ತದೆ. ಇಂಜಿನ್ನಿನಿಂದ ಬಿಸಿಯಾಗಿ ಮರಳುವ ಡೀಸೆಲ್ ಬೇರೆ ಟ್ಯಾಂಕನ್ನು ಕಾಯಿಸುತ್ತದೆ. ಜೊತೆಗೆ ಇಳಿಜಾರು, ತಿರುವು. ಹೆಚ್ಚಾದದ್ದು ಮುಚ್ಚಳದಿಂದ, ಗಾಳಿಯಾಡುವ ಬ್ರೀದರ್ ಕೊಳವೆಯಿಂದ, ಟ್ಯಾಂಕಿನ ಮೇಲೆ ಕೂರುವ ಗೇಜ್ ಫ್ಲೋಟಿನ ಗ್ಯಾಸ್ಕೆಟ್ಟಿನಿಂದ ಹೊರಬರುತ್ತದೆ. ಗ್ಯಾಸ್ಕೆಟ್ ಕೆಟ್ಟಿದ್ದರೆ ಟ್ಯಾಂಕ್ ತುಂಬಿದ ದಿನ ಮಾತ್ರ ಸೋರಿ, ಅರ್ಧಕ್ಕಿಳಿದ ಮೇಲೆ ಸುಮ್ಮನಾಗುತ್ತದೆ. ಇದನ್ನು ಹುಡುಕುತ್ತ ಇಂಜಿನ್ ಬಿಚ್ಚಿದವರನ್ನು ನೋಡಿದ್ದೇನೆ.

ತೊಳೆದು, ಒಣಗಿಸಿ, ಆಮೇಲೆ ನೋಡುವುದು

ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಲ್ಲಿ ಒದ್ದೆಯೇ ಸಾಕ್ಷಿಯಾಗುವುದಿಲ್ಲ. ಮೊದಲು ಆ ಒದ್ದೆ ಡೀಸೆಲ್ಲೇ ಹೌದೋ ಎಂದು ತಿಳಿಯಬೇಕು. ಹಳೆ ದಿನಪತ್ರಿಕೆಯ ತುಂಡಿಗೆ ಒಂದು ಹನಿ ಮುಟ್ಟಿಸಿ ಬಿಡಿ. ನೀರಾದರೆ ಒಣಗಿ ಹೋಗುತ್ತದೆ. ಡೀಸೆಲ್ ಅಗಲಕ್ಕೆ ಹರಡಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಂಥ ಕಲೆ ಬಿಡುತ್ತದೆ. ಇಂಜಿನ್ ಆಯಿಲ್ ಆದರೆ ನಡುವೆ ಕಪ್ಪು ಚುಕ್ಕೆ. ರೇಡಿಯೇಟರ್ ಕೂಲಂಟಿಗೆ ಬಣ್ಣವೂ ಇದೆ, ಜಿಗುಟೂ ಇದೆ. ನೆಲದ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡಿತು ಎಂದು ನಿರ್ಧಾರಕ್ಕೆ ಬರಬೇಡಿ, ಆಯಿಲ್ಲೂ ಅದೇ ಬಣ್ಣ ತೋರಿಸುತ್ತದೆ.

ಡೀಸೆಲ್ ಎಂದು ಖಾತ್ರಿಯಾದ ಮೇಲೆ ಇಂಜಿನ್ ಆರಲು ಬಿಟ್ಟು, ಪಂಪಿನ ಬದಿಯನ್ನು ಸಾಬೂನು ಪುಡಿ ಕಲಸಿದ ನೀರು ಮತ್ತು ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಬಿಸಿ ಪಂಪಿನ ಮೇಲೆ ತಣ್ಣೀರು ಸುರಿಯಬೇಡಿ. ಒಳಗೆ ಡೀಸೆಲ್ ಒತ್ತುವ ಪ್ಲಂಜರಿಗೂ ಅದು ಆಡುವ ಬ್ಯಾರಲಿಗೂ ನಡುವಿನ ಸಂದು ಮೈಕ್ರಾನ್ ಲೆಕ್ಕದ್ದು, ಹೊರಮೈ ಒಮ್ಮೆಲೇ ಕುಗ್ಗಿದರೆ ಪಂಪ್ ಹಿಡಿದುಕೊಳ್ಳಬಹುದು. ಸ್ಟಾರ್ಟರಿಗೂ ಡೈನಮೊಗೂ ಪ್ಲಾಸ್ಟಿಕ್ ಹೊದಿಸಿ. ಆಮೇಲೆ ಕಂಪ್ರೆಸರ್ ಗಾಳಿ ಹೊಡೆದು, ಬನಿಯನ್ ವೇಸ್ಟಿನಿಂದ ಒರೆಸಿ, ಸಂದುಗೊಂದಿನ ನೀರು ಪೂರ್ತಿ ಹೋಗುವವರೆಗೆ ಕಾಯಿರಿ. ಇಷ್ಟಕ್ಕೇ ಒಂದು ಗಂಟೆ ಬೇಕು. ಡ್ರೈವರ್ ಅವಸರ ಮಾಡುತ್ತಾನೆ. ಚಹಾ ಕುಡಿದು ಬಾ ಎಂದು ಕಳಿಸುತ್ತೇನೆ.

ಬಯಲುಸೀಮೆಯ ಮೇಸ್ತ್ರಿಗಳು ಇಲ್ಲಿ ಟಾಲ್ಕಂ ಪೌಡರ್ ಅಥವಾ ಸೀಮೆಸುಣ್ಣದ ಪುಡಿ ಉದುರಿಸುತ್ತಾರೆ. ಡೀಸೆಲ್ ತಾಗಿದಲ್ಲಿ ಪುಡಿ ಕಪ್ಪಾಗುತ್ತದೆ. ಡಿಸೆಂಬರಿನಲ್ಲಿ ನಾನೂ ಅದನ್ನೇ ಮಾಡುತ್ತೇನೆ. ಜುಲೈ, ಆಗಸ್ಟಿನ ಹವೆಯಲ್ಲಿ ಪುಡಿ ತಾನಾಗಿಯೇ ಹಿಟ್ಟಾಗಿ ಅಂಟುತ್ತದೆ. ಅದಕ್ಕೇ ನನ್ನ ಉಪಾಯ ದಿನಪತ್ರಿಕೆಯದು. ಬೆರಳಗಲದ ಪಟ್ಟಿ ಹರಿದು, ಪ್ರತಿ ಜಾಯಿಂಟಿನ ಕೆಳಗೆ ಪೈಪಿಗೆ ಸುತ್ತಿ, ನೂಲಿನಿಂದ ಕಟ್ಟುವುದು. ಫ್ಯಾನಿಗೂ ಬೆಲ್ಟಿಗೂ ಸಿಗದ ಜಾಗದಲ್ಲಿ ಮಾತ್ರ, ಸೈಲೆನ್ಸರ್ ಬದಿಗೆ ಬೇಡವೇ ಬೇಡ. ಇಂಜಿನ್ ಐಡಲಿನಲ್ಲಿ ಹತ್ತು ನಿಮಿಷ, ಆಮೇಲೆ 1500 ಆರ್‌ಪಿಎಮ್‌ನಲ್ಲಿ ಹತ್ತು ನಿಮಿಷ. ಕೈಯಲ್ಲಿ ಟಾರ್ಚು. ಬೆಳಕನ್ನು ನೇರ ಬಿಡದೆ ಓರೆಯಾಗಿ ಹಿಡಿದರೆ ಒದ್ದೆ ಹೊಳೆಯುತ್ತದೆ.

ಎಷ್ಟು ಪಟ್ಟಿ ಒದ್ದೆಯಾಯಿತು ಎನ್ನುವುದಕ್ಕಿಂತ ಯಾವ ಪಟ್ಟಿ ಮೊದಲು ಒದ್ದೆಯಾಯಿತು ಎಂದು ನೋಡಬೇಕು. ಡೀಸೆಲ್ ತೆಳು. ಪೈಪಿನ ಮೈಗಂಟಿ ಹರಿದು, ಬಾಗಿದಲ್ಲೋ ಕ್ಲಿಪ್ಪಿದ್ದಲ್ಲೋ ಹನಿಯಾಗಿ ಬೀಳುತ್ತದೆ. ಮೇಲೆ ಹುಟ್ಟಿ ಕೆಳಗೆ ಕಾಣಿಸುತ್ತದೆ. ಫ್ಯಾನ್ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಹಾಗಾಗಿ ಹನಿ ಬಿದ್ದ ಜಾಗದಿಂದ ಮೇಲಕ್ಕೆ ಮತ್ತು ಮುಂದಕ್ಕೆ ಹುಡುಕುತ್ತ ಹೋಗಬೇಕು.

ಮೊದಲು ಹೇಳಿದ ಆರು ಸಿಲಿಂಡರಿನ ಲಾರಿಯಲ್ಲಿ ಆದದ್ದು ಇದೇ. ಎರಡನೇ ನಾಝಲಿನ ಪೈಪಿಗೆ ಮೂರು ಕಡೆ ಪಟ್ಟಿ ಕಟ್ಟಿದ್ದೆ. ಪಂಪಿನ ಹತ್ತಿರದ್ದು ಒದ್ದೆಯಾಗಲು ಎಂಟು ನಿಮಿಷ ಹಿಡಿಯಿತು. ನಡುವಿನದು ಐದು. ನಾಝಲಿನ ಹತ್ತಿರದ್ದು ಎರಡೇ ನಿಮಿಷ. ಅಲ್ಲಿ ಬಗ್ಗಿ ನೋಡಿದರೆ ನಾಝಲ್ ತಲೆಯ ರಿಟರ್ನ್ ಪೈಪಿನ, ಒಳಗೆ ತೂತಿದ್ದು ಡೀಸೆಲ್ ಹಾಯಿಸುವ ಬ್ಯಾಂಜೊ ಬೋಲ್ಟಿನಡಿ ತಾಮ್ರದ ವಾಷರ್ ಸೀಳಿತ್ತು. ಅಲ್ಲಿಂದ ಜಿನುಗಿದ ಡೀಸೆಲ್ ನಾಝಲ್ ಪೈಪಿನ ಮೇಲೇ ಸವಾರಿ ಮಾಡಿ ಇಳಿದು ಪಂಪಿನ ತಲೆಗೆ ಅಭಿಷೇಕ ಮಾಡುತ್ತಿತ್ತು. ಪಂಪ್ ರಿಪೇರಿಯ ಖರ್ಚಿನಲ್ಲಿ ಅರ್ಧ ನಾನು ಹೊತ್ತುಕೊಂಡೆ. ಡ್ರೈವರ್ ಏನೂ ಅನ್ನಲಿಲ್ಲ, ನಕ್ಕ ಅಷ್ಟೆ.

ಸೋರಿಕೆ ಎಷ್ಟು ಎಂದು ತಿಳಿಯಲು ನೀರಿನ ಬಾಟಲಿಯ ಬುಡ ಕತ್ತರಿಸಿ ಹನಿಯ ಕೆಳಗೆ ಕಟ್ಟಿ. ಹತ್ತು ನಿಮಿಷಕ್ಕೆ 20 ಮಿಲಿ ಬಿದ್ದರೆ ಗಂಟೆಗೆ 120 ಮಿಲಿ. ಹತ್ತು ಗಂಟೆ ಓಡುವ ಗಾಡಿಗೆ ದಿನಕ್ಕೆ ಲೀಟರಿಗೂ ಮೇಲೆ. ಮಾಲೀಕನಿಗೆ ಈ ಲೆಕ್ಕ ತೋರಿಸಿದರೆ ವಾಷರಿನ ಬಿಲ್ಲಿಗೆ ಚೌಕಾಸಿ ಮಾಡುವುದಿಲ್ಲ.

ಹನಿಯದ ಸೋರಿಕೆ

ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಭಾಗವೇ ನಮ್ಮ ಕರಾವಳಿಯಲ್ಲಿ ಹೆಚ್ಚು ಕಾಡುವುದು. ಛಾಸಿಯ ಉದ್ದಕ್ಕೂ ಬರುವ ಪೈಪನ್ನು ಕ್ಲಿಪ್ ಹಾಕಿ ಹಿಡಿದಿರುತ್ತಾರೆ. ಮೀನಿನ ಬಾಡಿಯಿಂದ ಇಳಿದ ಉಪ್ಪುನೀರು ಆ ಕ್ಲಿಪ್ಪಿನಡಿ ಹೋಗಿ ಕೂರುತ್ತದೆ, ಒಣಗುವುದೇ ಇಲ್ಲ. ಹೊರಗೆ ಬಣ್ಣ ಹೊಡೆದು ಹೊಳೆಯುವ ಪೈಪು ಕ್ಲಿಪ್ ಬಿಚ್ಚಿದರೆ ಹಪ್ಪಳ. ರಬ್ಬರ್ ಹೋಸಾದರೆ ಕ್ಲ್ಯಾಂಪಿನ ಅಂಚಿನಲ್ಲಿ, ಅದೂ ಕಣ್ಣಿಗೆ ಕಾಣದ ಕೆಳಮೈಯಲ್ಲಿ ಸೀಳುತ್ತದೆ.

ಇಂಜಿನ್ ಓಡುವಾಗ ಈ ಭಾಗದಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ತೂತಿದ್ದರೆ ಡೀಸೆಲ್ ಬರುವ ಬದಲು ಗಾಳಿ ಒಳನುಗ್ಗುತ್ತದೆ. ಗಾಡಿ ಜರ್ಕ್ ಹೊಡೆಯುತ್ತದೆ, ಏರಿನಲ್ಲಿ ದಮ್ಮು ಕಟ್ಟುತ್ತದೆ, ರಾತ್ರಿ ನಿಲ್ಲಿಸಿದರೆ ಪೈಪಿನಲ್ಲಿದ್ದದ್ದೆಲ್ಲ ಟ್ಯಾಂಕಿಗೆ ಇಳಿದು ಬೆಳಿಗ್ಗೆ ಬರೀ ಗಾಳಿ. ಟ್ಯಾಂಕ್ ಕಾಲುಭಾಗಕ್ಕಿಂತ ಕೆಳಗಿಳಿದಾಗ ತೊಂದರೆ ಹೆಚ್ಚಾಗುವುದು ಇನ್ನೊಂದು ಗುರುತು. ಎಳೆಯಬೇಕಾದ ಎತ್ತರ ಹೆಚ್ಚಿದಷ್ಟೂ ಗಾಳಿಗೆ ದಾರಿ ಸಲೀಸು.

ಪರೀಕ್ಷೆಗೆ ಫೀಡ್ ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಪೈಪು ಸೇರಿಸಿ. ಗುಳ್ಳೆ ಓಡುತ್ತಿದ್ದರೆ ದೋಷ ಹಿಂದೆ ಇದೆ ಎಂದರ್ಥ. ಇದಕ್ಕಿಂತ ನಂಬಿಕೆಯ ಪರೀಕ್ಷೆ ಕ್ಯಾನಿನದು. ಐದು ಲೀಟರ್ ಕ್ಯಾನಿಗೆ ಶುದ್ಧ ಡೀಸೆಲ್ ತುಂಬಿ, ಪಂಪಿಗಿಂತ ಮೇಲೆ ಭದ್ರವಾಗಿ ಕಟ್ಟಿ, ಹೊಸ ಹೋಸಿನಿಂದ ನೇರ ಫೀಡ್ ಪಂಪಿಗೆ ಕೊಡಿ. ಏರ್ ತೆಗೆದು ಸ್ಟಾರ್ಟ್ ಮಾಡಿ. ತೊಂದರೆ ಮಾಯವಾದರೆ ಟ್ಯಾಂಕು, ಒಳಗಿನ ಎಳೆಯುವ ಕೊಳವೆ, ಛಾಸಿ ಪೈಪು, ಇಷ್ಟರಲ್ಲೇ ದೋಷ. ಮಾಯವಾಗದಿದ್ದರೆ ಛಾಸಿ ಕೆಳಗೆ ಮಲಗಿ ಬೆನ್ನು ಒದ್ದೆ ಮಾಡಿಕೊಳ್ಳುವುದು ತಪ್ಪಿತು.

ಟ್ಯಾಂಕನ್ನೂ ಬಿಡಬೇಡಿ. ಹಿಡಿದು ನಿಲ್ಲಿಸುವ ಪಟ್ಟಿಯ ಅಡಿಗೆ ಹಾಕಿದ ರಬ್ಬರ್ ಸ್ಪಂಜಿನಂತೆ ನೀರು ಹಿಡಿದು ಅಲ್ಲೇ ಸೂಜಿಮೊನೆ ತೂತು ಬೀಳುತ್ತದೆ. ಘಟ್ಟದ ನಡುವೆ ಹೀಗಾದರೆ ಬಟ್ಟೆ ಸಾಬೂನನ್ನು ತೂತಿಗೆ ತಿಕ್ಕಿ ತುಂಬುವ ಹಳೆ ಉಪಾಯ ಈಗಲೂ ನಡೆಯುತ್ತದೆ, ಸಾಬೂನು ಡೀಸೆಲ್ಲಿಗೆ ಬೇಗ ಕರಗುವುದಿಲ್ಲ. ಊರು ಸೇರುವವರೆಗೆ ಮಾತ್ರ ಅದರ ಆಯಸ್ಸು. ಡೀಸೆಲ್ ಖಾಲಿ ಮಾಡಿದೆ ಎಂದು ಹಾಗೆಯೇ ವೆಲ್ಡಿಂಗಿಗೆ ಕೊಡುವುದು ಮಾತ್ರ ಪ್ರಾಣಕ್ಕೆ ಎರವಾಗುವ ಕೆಲಸ. ಖಾಲಿ ಟ್ಯಾಂಕಿನೊಳಗಿನ ಆವಿಯೇ ಸಿಡಿಯುವುದು. ಉಗಿ ಹಾಯಿಸಿ, ತೊಳೆದು, ಆ ಕೆಲಸ ಗೊತ್ತಿದ್ದವರ ಕೈಯಲ್ಲೇ ಮಾಡಿಸಿ. ಅದಕ್ಕಿಂತ ಟ್ಯಾಂಕ್ ಬದಲಿಸುವುದೇ ಲೇಸು.

ಫೀಡ್ ಪಂಪು, ಫಿಲ್ಟರು

ಇಲ್ಲಿನ ದೋಷಗಳಲ್ಲಿ ಹೆಚ್ಚಿನವು ನಾವೇ ಮಾಡಿಟ್ಟವು. ಹ್ಯಾಂಡ್ ಪಂಪ್ ಹೊಡೆದ ಮೇಲೆ ಅದರ ಗುಬುಟನ್ನು ತಿರುಗಿಸಿ ಕೂರಿಸದೆ ಬಿಟ್ಟರೆ ಅಲ್ಲಿಂದಲೇ ಜಿನುಗುತ್ತದೆ. ಫಿಲ್ಟರ್ ಬದಲಿಸುವಾಗ ಹಳೆ ರಬ್ಬರ್ ರಿಂಗು ಮೇಲಿನ ಹೆಡ್ಡಿಗೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದನ್ನೂ ಹಾಕಿದರೆ ಎರಡು ರಿಂಗು ಒಂದರ ಮೇಲೊಂದು ಜಾರುತ್ತವೆ. ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ. ಬಿಗಿ ಮಾಡಿದಷ್ಟೂ ಹೆಚ್ಚುವ ಸೋರಿಕೆ ಕಂಡರೆ ನನಗೆ ಮೊದಲು ನೆನಪಾಗುವುದು ಇದು. ಕೆಳಗಿನ ನೀರು ತೆಗೆಯುವ ಪ್ಲಗ್ಗು, ಮೇಲಿನ ಏರ್ ಸ್ಕ್ರೂ, ಎರಡನ್ನೂ ಬೆಳಕು ಹಾಕಿ ನೋಡಿ. ಹಳೆ ಗಾಡಿಗಳಲ್ಲಿ ಎರಡೆರಡು ಫಿಲ್ಟರ್ ಇರುವುದರಿಂದ ತಪ್ಪಿಗೂ ಎರಡು ಪಟ್ಟು ಅವಕಾಶ.

ಬ್ಯಾಂಜೊ ಬೋಲ್ಟಿನ ಎರಡೂ ಬದಿಗೆ ವಾಷರ್ ಇರಬೇಕು. ಒಂದು ಬಾರಿ ಒತ್ತಿದ ತಾಮ್ರ ಗಟ್ಟಿಯಾಗುತ್ತದೆ, ಮತ್ತೆ ಸೀಲ್ ಮಾಡುವುದಿಲ್ಲ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮೆತ್ತಗಾಗುತ್ತದೆ ಎಂದು ನಮ್ಮ ಗುರುಗಳು ಕಲಿಸಿದ್ದರು, ಅದು ನಿಜವೂ ಹೌದು. ಕಾಡಿನ ನಡುವೆ ಸಿಕ್ಕಿಬಿದ್ದಾಗ ಮಾಡಿ. ಅಂಗಡಿ ಹತ್ತಿರವಿದ್ದಾಗ ಹೊಸದು ಹಾಕಿ. ವಾಷರ್ ಕೂರುವ ಮುಖದ ಮೇಲೆ ಉಗುರು ಎಳೆದು ನೋಡಿ. ಉಗುರಿಗೆ ಗೆರೆ ಸಿಕ್ಕರೆ ಡೀಸೆಲ್ಲಿಗೂ ದಾರಿ ಸಿಕ್ಕಿದೆ.

ಏಪ್ರಿಲ್ 2020ರಿಂದ ದೇಶದ ತುಂಬ ಬಿಎಸ್-6 ಡೀಸೆಲ್. ಗಂಧಕದ ಅಂಶ 50 ಪಿಪಿಎಮ್‌ನಿಂದ 10ಕ್ಕಿಳಿಯಿತು. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್ಲಿನ ಆರೊಮ್ಯಾಟಿಕ್ ಅಂಶವೂ ಕಡಿಮೆಯಾಗುತ್ತದೆ. ಹಳೆ ನೈಟ್ರೈಲ್ ರಬ್ಬರ್ ಆ ಅಂಶವನ್ನು ಹೀರಿ ಊದಿಕೊಂಡೇ ಸಂದು ಮುಚ್ಚುತ್ತಿತ್ತು. ಅದು ಕಡಿಮೆಯಾದರೆ ವಯಸ್ಸಾದ ರಿಂಗು ಕುಗ್ಗುತ್ತದೆ. ಹದಿನೈದು ಇಪ್ಪತ್ತು ವರ್ಷದ ಗಾಡಿಯಲ್ಲಿ ಒಂದು ರಿಂಗು ಹೋದರೆ ಆ ಸಾಲಿನದ್ದೆಲ್ಲ ಬದಲಿಸುವುದು ಒಳ್ಳೆಯದು, ಸಿಕ್ಕರೆ ಡೀಸೆಲ್ ತಾಳುವ ವೈಟನ್ ರಬ್ಬರಿನದ್ದು.

ದೊಡ್ಡ ಪಂಪು, ನಾಝಲ್ ಪೈಪು

1951ರಲ್ಲಿ ಶುರುವಾದ ಮೈಕೊ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ನಮ್ಮ ಬಾಯಲ್ಲಿ ಅದು ಈಗಲೂ ಮೈಕೊ ಪಂಪೇ. ನಾಝಲ್ ಪೈಪು ಸಿಕ್ಕಿಸುವ ಆರು ಡಿಲಿವರಿ ಹೋಲ್ಡರ್ ಸಾಲಾಗಿ ನಿಂತ ಆ ಪಂಪಿನ ತಲೆಯ ಮೇಲೆ ಕೊಳ ಕಟ್ಟುತ್ತಿದ್ದರೆ, ಮೇಲಿನಿಂದ ಇಳಿದದ್ದಲ್ಲ ಎಂದು ಪಟ್ಟಿ ಪರೀಕ್ಷೆಯಲ್ಲಿ ಖಾತ್ರಿಯಾದ ಮೇಲೆ, ಹೋಲ್ಡರಿನ ಓ-ರಿಂಗನ್ನು ಅನುಮಾನಿಸಬಹುದು. ನಾಝಲ್ ಪೈಪಿನ ನಟ್ಟು ಸಡಿಲಿಸುವಾಗ ಒಂದು ಪಾನಾದಲ್ಲಿ ಹೋಲ್ಡರ್ ಹಿಡಿದುಕೊಂಡು ಇನ್ನೊಂದರಲ್ಲಿ ನಟ್ಟು ತಿರುಗಿಸಬೇಕು. ಒಂದೇ ಪಾನಾ ಹಾಕಿದರೆ ಹೋಲ್ಡರೂ ಜೊತೆಗೇ ತಿರುಗಿ, ಇಲ್ಲದ ಸೋರಿಕೆಯನ್ನು ನೀವೇ ಹುಟ್ಟಿಸುತ್ತೀರಿ.

ಪೈಪು ಸೀಳುವುದು ಹೆಚ್ಚಾಗಿ ತುದಿಯ ನಿಪ್ಪಲಿನ ಕುತ್ತಿಗೆಯಲ್ಲಿ. ಕಾರಣ ಹುಡುಕಿದರೆ ನಡುವಿನ ಕ್ಲ್ಯಾಂಪ್ ಮಾಯವಾಗಿರುತ್ತದೆ. ಹಿಂದೆ ಯಾರೋ ಬಿಚ್ಚಿ ಮತ್ತೆ ಹಾಕಿರುವುದಿಲ್ಲ. ಕ್ಲ್ಯಾಂಪಿಲ್ಲದ ಪೈಪು ಪ್ರತಿ ಇಂಜೆಕ್ಷನ್ನಿಗೂ ನಡುಗುತ್ತದೆ. ಹೊಸ ಪೈಪು ಹಾಕಿ ಕ್ಲ್ಯಾಂಪ್ ಬಿಟ್ಟರೆ ಇನ್ನೊಂದು ಪೈಪಿಗೆ ಈಗಲೇ ಆರ್ಡರ್ ಕೊಡಿ. ಒಡೆದ ಪೈಪನ್ನು ಬೆಸುಗೆ ಹಾಕಿ ಬಳಸುವ ಮಾತೇ ಬೇಡ. ಹೊಸದು ಕೂರಿಸುವಾಗ ಎರಡೂ ತುದಿಯ ನಟ್ಟು ಕೈಯಿಂದ ಸಲೀಸಾಗಿ ಹಿಡಿಯಬೇಕು. ಬಗ್ಗಿಸಿ, ಜಗ್ಗಿ ಸೇರಿಸಿದ ಪೈಪು ಹೆಚ್ಚು ದಿನ ಬಾಳುವುದಿಲ್ಲ.

ಆಯಿಲ್ ತಾನಾಗಿ ಏರಿದರೆ

ಇದು ಎಲ್ಲಕ್ಕಿಂತ ಕಳ್ಳ ಸೋರಿಕೆ. ಹೊರಗೆ ಒಂದು ಹನಿ ಇಲ್ಲ, ಮೈಲೇಜ್ ಮಾತ್ರ ಇಳಿದಿದೆ. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಮಟ್ಟ ಮೇಲಿನ ಗೆರೆ ದಾಟಿದೆ. "ನಮ್ಮ ಗಾಡಿ ಆಯಿಲ್ ತಿನ್ನೂದೇ ಇಲ್ಲ ಮೇಸ್ತ್ರಿ" ಎಂದು ಹೆಮ್ಮೆಯಿಂದ ಹೇಳುವ ಡ್ರೈವರನ ಗಾಡಿಯನ್ನು ನಾನು ಮೊದಲು ಮೂಸಿ ನೋಡುತ್ತೇನೆ. ಕಾಗದದ ಮೇಲೆ ಒಂದು ಹನಿ ಬಿಟ್ಟು ಕಾದರೆ ಕಪ್ಪು ನಡುವಿನ ಸುತ್ತ ತಿಳಿಯಾದ ಅಗಲ ಉಂಗುರ ಹರಡುತ್ತದೆ.

ದಾರಿಗಳು ಹಲವು. ಇಂಜಿನ್ ಬ್ಲಾಕಿಗೇ ಕೂರುವ ಫೀಡ್ ಪಂಪಾದರೆ ಅದರ ಒಳಗಿನ ಸೀಲು ಅಥವಾ ಡಯಾಫ್ರಾಮ್ ಹೋಗಿ ಡೀಸೆಲ್ ನೇರ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಇಂಜಿನ್ ಆಯಿಲ್ಲಿನಿಂದಲೇ ಜಿಡ್ಡು ಪಡೆಯುವ ದೊಡ್ಡ ಪಂಪಿನಲ್ಲಿ ಪ್ಲಂಜರ್ ಸವೆದರೂ ಅದೇ ಗತಿ. ಸಿಲಿಂಡರ್ ಹೆಡ್ಡಿನೊಳಗೆ ಕೂರುವ ನಾಝಲಿನ ಓ-ರಿಂಗು ಮೂರನೇ ದಾರಿ. ಕೆಲವು ಬಿಎಸ್-6 ಗಾಡಿಗಳಲ್ಲಿ ಹೊಗೆಯ ಫಿಲ್ಟರ್ ಸುಡಲು ಹೆಚ್ಚುವರಿಯಾಗಿ ಸಿಂಪಡಿಸುವ ಡೀಸೆಲ್ಲೂ ಗೋಡೆಗಂಟಿ ಕೆಳಗಿಳಿಯುವುದುಂಟು, ಅದು ಬೇರೆಯೇ ಪಾಠ. ಯಾವುದೇ ಇರಲಿ, ಆ ಆಯಿಲ್ಲಿನಲ್ಲಿ ಗಾಡಿ ಓಡಿಸಬೇಡಿ. ತೆಳುವಾದ ಆಯಿಲ್ ಬೇರಿಂಗನ್ನು ಉಳಿಸುವುದಿಲ್ಲ. ಮಟ್ಟ ತೀರಾ ಏರಿದರೆ ಬ್ರೀದರಿನಿಂದ ಆಯಿಲ್ ಎಳೆದುಕೊಂಡು ಕೀ ತೆಗೆದರೂ ನಿಲ್ಲದೆ ಇಂಜಿನ್ ಕಿರುಚತೊಡಗುತ್ತದೆ. ದೋಷ ಸರಿಮಾಡಿ, ಆಯಿಲ್ಲೂ ಫಿಲ್ಟರೂ ಎರಡನ್ನೂ ಬದಲಿಸಿ.

ಕಾಮನ್ ರೈಲ್ ಗಾಡಿಯಲ್ಲಿ

ಹೊಸ ಗಾಡಿಗಳಲ್ಲಿ ಎಲ್ಲ ನಾಝಲಿಗೂ ಡೀಸೆಲ್ ಹಂಚುವ ಒಂದೇ ದಪ್ಪ ಪೈಪಿಗೆ ರೈಲು ಎನ್ನುತ್ತಾರೆ. ಅದರಲ್ಲಿ ಒತ್ತಡ 1600 ಬಾರ್ ಮತ್ತು ಅದಕ್ಕೂ ಮೇಲೆ. ಹಳೆ ಅಭ್ಯಾಸದಂತೆ ಇಂಜಿನ್ ಓಡುತ್ತಿರುವಾಗ ನಾಝಲ್ ನಟ್ಟು ಸಡಿಲಿಸಿ ನೋಡುವುದು ಇಲ್ಲಿ ಕೂಡದು. ಆಫ್ ಮಾಡಿದ ಮೇಲೂ ಕಂಪನಿ ಪುಸ್ತಕ ಹೇಳಿದಷ್ಟು ಹೊತ್ತು ಕಾದೇ ಮುಟ್ಟಬೇಕು. ಒಳಗೇ ಸೋರುವ ಇಂಜೆಕ್ಟರ್ (ಇಲ್ಲಿನ ನಾಝಲ್) ಹುಡುಕಲು ಒಂದೊಂದರ ರಿಟರ್ನಿಗೂ ಒಂದೊಂದು ಬಾಟಲಿ ಸಿಕ್ಕಿಸಿ, ಒಂದೇ ಹೊತ್ತು ಓಡಿಸಿ, ಯಾವುದು ಹೆಚ್ಚು ತುಂಬಿತು ಎಂದು ಹೋಲಿಸಬಹುದು. ಸ್ಕ್ಯಾನರಿನಲ್ಲಿ ಪಿ0087 ಕೋಡ್ ಬಂದಿದ್ದರೆ ರೈಲಿನಲ್ಲಿ ಒತ್ತಡ ಸಾಲುತ್ತಿಲ್ಲ ಎಂದರ್ಥ. ಕೆಟ್ಟದ್ದು ಯಾವುದು ಎಂದು ಆ ಕೋಡ್ ಹೇಳುವುದಿಲ್ಲ, ಚೋಕ್ ಆದ ಫಿಲ್ಟರಿಗೂ ಅದೇ ಬರುತ್ತದೆ. ಇದರಾಚೆಗೆ ಸಲಕರಣೆ ಇದ್ದವರ ಬಳಿಗೆ ಕಳಿಸುತ್ತೇನೆ. ಅದರಲ್ಲಿ ನಾಚಿಕೆಯೇನಿಲ್ಲ.

ಜೋಡಿಸಿದ ಮೇಲೆ

ಏರ್ ತೆಗೆಯುವಾಗ ಟ್ಯಾಂಕಿನ ಬದಿಯಿಂದ ಶುರುಮಾಡಿ: ಮೊದಲು ಫಿಲ್ಟರ್, ಆಮೇಲೆ ಪಂಪು. ಮೆಕ್ಯಾನಿಕಲ್ ಪಂಪಿನ ಗಾಡಿಯಾದರೆ ಕೊನೆಗೆ ಸ್ಟಾರ್ಟರ್ ಹೊಡೆಯುತ್ತ ನಾಝಲ್ ಪೈಪು. ನೊರೆ ನಿಂತು ಡೀಸೆಲ್ ಗಟ್ಟಿಯಾಗಿ ಬರುವವರೆಗೂ ಬಿಡಬೇಡಿ. ಹೊರಬಂದ ಡೀಸೆಲ್ಲನ್ನು ಡಬ್ಬಿಗೆ ಹಿಡಿಯಿರಿ. ನಮ್ಮ ಗ್ಯಾರೇಜಿನ ಹಿಂದಿನ ಗಟಾರು ಮಳೆಗಾಲದಲ್ಲಿ ನೇರ ಕಡಲ ಉಪ್ಪುನೀರು ನುಗ್ಗುವ ಗಜನಿ ಗದ್ದೆಗೆ ಹೋಗುತ್ತದೆ. ಸಿಗಡಿ, ಏಡಿ ಹಿಡಿಯುವವರು ಮಾರನೇ ದಿನವೇ ಬಾಗಿಲಲ್ಲಿ ನಿಲ್ಲುತ್ತಾರೆ. ರಸ್ತೆಗೆ ಚೆಲ್ಲಿದ್ದರೆ ಮರದಪುಡಿ ಹಾಕಿ ಗುಡಿಸಿ. ಮಳೆ ಬಿದ್ದ ತಿರುವಿನಲ್ಲಿ ಡೀಸೆಲ್ ಮೇಲೆ ಬೈಕ್ ಹಾಯಿಸಿದವನ ಗತಿ ಹೇಳಬೇಕಿಲ್ಲ.

ನಿಂತಲ್ಲೇ ಓಡಿಸಿ ಒಣಗಿದೆ ಎಂದು ಬಿಲ್ ಬರೆಯಬೇಡಿ. ಲೋಡಿನ ಗಾಡಿಯನ್ನು ಅರಬೈಲ್ ಘಟ್ಟದ ಬುಡದಿಂದ ಮೇಲಿನವರೆಗೆ ಹತ್ತಿಸಿ. ಅಗಲ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕ್ಯಾಬಿನ್ ಎತ್ತಿ, ಹೊಸ ಕಾಗದದ ಪಟ್ಟಿಗಳನ್ನು ಬಿಚ್ಚಿ ಒಂದೊಂದಾಗಿ ಬೆಳಕಿಗೆ ಹಿಡಿಯಿರಿ. ಎಲ್ಲವೂ ಒಣ ಇದ್ದರೆ ಡ್ರೈವರನ ಪೆಟ್ಟಿಗೆಗೆ ಅದೇ ಅಳತೆಯ ನಾಲ್ಕು ತಾಮ್ರದ ವಾಷರು, ಒಂದು ಮೊಳ ಡೀಸೆಲ್ ಹೋಸು, ಎರಡು ಕ್ಲ್ಯಾಂಪು, ಒಂದು ಬಟ್ಟೆ ಸಾಬೂನು ಹಾಕಿ ಕಳಿಸಿ.